‘ನಾವು ಬಂದ ಬಸ್’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ಇನ್’ ಯಾಕೆ ಬೇಕು? ಹೂ, ವಿಚ್, ದಟ್ ಬಗ್ಗೆ ತಿಳಿದವರು ಹೇಳಿ

ನಿಟ್ಟುವಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ನಿನ್ನೆ ರಾತ್ರಿ ಅವಳ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿದೆ. ಶಾಲೆಯಿಂದ ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋಗಿದ್ದರು, ಅದರ ಬಗ್ಗೆ ಒಂದು ಪುಟ ಬರೆದಿದ್ದಾಳೆ. ಆ ಒಂದು ಪುಟದಲ್ಲೇ ಮೂರು ಕಡೆ ಕೆಂಪು ಗೆರೆ.

ಮೊದಲನೆಯದು, ‘ದಿ ಬಸ್ ವಿಚ್ ವಿ ಕೇಮ್ ವಾಸ್ ಫುಲ್’. ಆಮೇಲೆ ‘ದಿ ಫೋಟೋ ವಿಚ್ ಐ ಟುಕ್ ಇಟ್ ಈಸ್ ನೈಸ್’. ಕೊನೆಗೆ ‘ಐ ಹ್ಯಾವ್ ಎ ಫ್ರೆಂಡ್ ಹೂ ಹರ್ ಫಾದರ್ ಈಸ್ ಎ ಗೈಡ್’.

ಗೆರೆ ಇದೆ, ಯಾಕೆ ತಪ್ಪು ಅಂತ ಬರೆದಿಲ್ಲ. ಅವಳು ನನ್ನನ್ನೇ ಕೇಳಿದಳು: “ಅಮ್ಮಾ, ನಾವು ಬಂದ ಬಸ್ ಅಂತೀವಲ್ಲ, ಅದನ್ನೇ ಬರೆದಿದ್ದೀನಿ. ಇದ್ರಲ್ಲಿ ತಪ್ಪೇನಿದೆ?” ನನಗೆ ಹೇಳೋಕೆ ಗೊತ್ತಾಗಲಿಲ್ಲ. ಟ್ಯೂಷನ್‌ನಲ್ಲಿ ಕೇಳಿದ್ದಕ್ಕೆ ‘ಮನುಷ್ಯರಿಗೆ ಹೂ, ವಸ್ತುವಿಗೆ ವಿಚ್’ ಅಂದರಂತೆ. ಅಷ್ಟು ಅವಳಿಗೆ ಮೊದಲೇ ಗೊತ್ತು. ಬಸ್ಸಿಗೆ ವಿಚ್ ಹಾಕಿದ್ದಾಳಲ್ಲ. ಆದರೂ ತಪ್ಪಾಗಿದೆ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ದುರ್ಗದ ಮೇಷ್ಟ್ರು

ತಾಯೀ, ಮೊದಲು ಮಗಳಿಗೆ ಹೇಳಿ, ಅವಳ ಯೋಚನೆಯಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ಸರಿಯಾಗಿ ಯೋಚಿಸಿ ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದ್ದಾಳೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ಈಗ ನಿವೃತ್ತ. ಈ ಮೂರು ತಪ್ಪು ಕಾಣದ ವರ್ಷ ನನ್ನ ನೌಕರಿಯಲ್ಲಿ ಒಂದೂ ಇಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ಹೂ, ವಿಚ್ ತರಹದ ಪದ ಬೇಕೇ ಆಗುವುದಿಲ್ಲ. ‘ಬಂದ’, ‘ಬರುವ’, ‘ಬಾರದ’ ಅಂತ ಕ್ರಿಯಾಪದವನ್ನೇ ಬಗ್ಗಿಸಿ ಹೆಸರಿಗಿಂತ ಮೊದಲು ಇಟ್ಟರೆ ಮುಗೀತು. ವ್ಯಾಕರಣದಲ್ಲಿ ಇದನ್ನು ಕೃದಂತನಾಮ ಅಂತ ಓದಿರುತ್ತೀರಿ. ಇಂಗ್ಲಿಷಿನಲ್ಲಿ ಹೆಸರು ಮೊದಲು, ವಿವರ ಆಮೇಲೆ. ಎರಡನ್ನೂ ಜೋಡಿಸಲು ನಡುವೆ ಒಂದು ಸರ್ವನಾಮ ನಿಲ್ಲುತ್ತದೆ. ಅದೇ ರಿಲೇಟಿವ್ ಪ್ರೊನೌನ್, ಸಂಬಂಧಾರ್ಥಕ ಸರ್ವನಾಮ.

ಈಗ ಮುಖ್ಯ ವಿಷಯ. ಮಗಳು ಕೋಟೆ ನೋಡಿ ಬಂದಿದ್ದಾಳೆ, ಓಬವ್ವನ ಕಿಂಡಿಯನ್ನೂ ನೋಡಿರುತ್ತಾಳೆ. ಆ ಕತೆಯನ್ನೇ ತೆಗೆದುಕೊಳ್ಳೋಣ.

ಸೈನಿಕರನ್ನು ಕೊಂದ ಹೆಂಗಸು.
ಹೆಂಗಸು ಕೊಂದ ಸೈನಿಕರು.
ಸೈನಿಕರನ್ನು ಕೊಂದ ಒನಕೆ.

ಮೂರಕ್ಕೂ ‘ಕೊಂದ’ ಒಂದೇ. ಒನಕೆ ತಾನಾಗಿ ಎದ್ದು ಯಾರನ್ನೂ ಕೊಲ್ಲಲಿಲ್ಲ, ಒನಕೆಯಿಂದ ಓಬವ್ವ ಕೊಂದಳು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ‘ಇಂದ’ ಎಲ್ಲಿ ಹೋಯಿತು? ಕನ್ನಡ ಅದನ್ನು ನುಂಗಿಕೊಂಡಿತು. ನಮ್ಮ ಭಾಷೆ ಇಲ್ಲಿ ವಿಭಕ್ತಿ ಪ್ರತ್ಯಯವನ್ನು ಬಿಟ್ಟುಬಿಡುತ್ತದೆ, ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಅದಕ್ಕೆ ಆ ಪ್ರತ್ಯಯದ ಲೆಕ್ಕ ಬೇಕು.

ಅದಕ್ಕೇ ನಾನು ಮಕ್ಕಳಿಗೆ ಎರಡು ವಾಕ್ಯ ಮಾಡಿಸುತ್ತಿದ್ದೆ. ‘ಇದು ಒನಕೆ. ಒನಕೆಯಿಂದ ಅವಳು ಸೈನಿಕರನ್ನು ಕೊಂದಳು.’ ಎರಡನೇ ವಾಕ್ಯದಲ್ಲಿ ಒನಕೆಗೆ ಯಾವ ಪ್ರತ್ಯಯ ಬಂತು ನೋಡಿ. ‘ಇಂದ’. ಹಾಗಾದರೆ ಇಂಗ್ಲಿಷಿನಲ್ಲಿ ‘ವಿತ್’ ಬರಲೇಬೇಕು: ‘ದಿ ಪೆಸಲ್ ವಿತ್ ವಿಚ್ ಶಿ ಕಿಲ್ಡ್ ದಿ ಸೋಲ್ಜರ್ಸ್’. ಪ್ರಥಮಾ ವಿಭಕ್ತಿಯ ‘ಉ’ ಬಂದು ‘ಅವಳು ಕೊಂದಳು’ ಆದರೆ ಹೂ. ‘ಅನ್ನು’ ಬಂದು ‘ಅವರನ್ನು ಕೊಂದಳು’ ಆದರೆ ಹೂಮ್. ಹಿಮ್, ದೆಮ್, ಹೂಮ್, ಮೂರೂ ‘ಮ್’ನಲ್ಲಿ ಮುಗಿಯುತ್ತವೆ, ಅದು ನೆನಪಿಗೆ ಸುಲಭ. ಸೈನಿಕರು ನುಸುಳಿದ ಕಿಂಡಿ? ‘ಕಿಂಡಿಯ ಮೂಲಕ ನುಸುಳಿದರು.’ ಹಾಗಾಗಿ ‘ದಿ ಹೋಲ್ ಥ್ರೂ ವಿಚ್ ದೆ ಕ್ರೆಪ್ಟ್ ಇನ್’.

ಈಗ ಬಸ್ಸು. ‘ಇದು ಬಸ್ಸು. ಬಸ್ಸಿನಲ್ಲಿ ನಾವು ಬಂದೆವು.’ ‘ಅಲ್ಲಿ’ ಇದೆ. ಹಾಗಾಗಿ ‘ದಿ ಬಸ್ ಇನ್ ವಿಚ್ ವಿ ಕೇಮ್’. ಮಗಳು ವಿಚ್ ಸರಿಯಾಗಿಯೇ ಹಾಕಿದ್ದಾಳೆ, ‘ಅಲ್ಲಿ’ಯನ್ನು ಮಾತ್ರ ಕನ್ನಡದ ಹಾಗೆ ಬಿಟ್ಟಿದ್ದಾಳೆ.

ಗೆಳತಿಯ ವಾಕ್ಯಕ್ಕೂ ಇದೇ. ‘ಅವಳ ಅಪ್ಪ ಗೈಡ್.’ ‘ಅವಳ’ ಅನ್ನುವುದು ಷಷ್ಠೀ. ಅದಕ್ಕೆ ಹೂಸ್. ‘ಎ ಫ್ರೆಂಡ್ ಹೂಸ್ ಫಾದರ್ ಈಸ್ ಎ ಗೈಡ್’. ಹೂಸ್ ಒಳಗೇ ‘ಅವಳ’ ಇದೆ, ಮತ್ತೆ ‘ಹರ್’ ಬೇಡ. ಓಬವ್ವನಿಗೂ ಹೀಗೇ ಬರೆಯಬಹುದು, ಗಂಡ ಕೋಟೆಯ ಕಹಳೆಯವನು ಅಲ್ವಾ: ‘ದಿ ವುಮನ್ ಹೂಸ್ ಹಸ್ಬೆಂಡ್ ಗಾರ್ಡೆಡ್ ದಿ ಫೋರ್ಟ್’.

ಫೋಟೋದ್ದು ನೋಡಿ. ಕನ್ನಡದಲ್ಲಿ ‘ನಾನು ಅದನ್ನು ತೆಗೆದ ಫೋಟೋ’ ಅಂತೀವಾ? ಇಲ್ಲ. ‘ನಾನು ತೆಗೆದ ಫೋಟೋ’ ಅಷ್ಟೇ. ಅಂದರೆ ‘ಅದನ್ನು’ ಬಿಡಬೇಕು ಅನ್ನುವುದು ನಮ್ಮ ಭಾಷೆಗೇ ಗೊತ್ತು. ಇಂಗ್ಲಿಷಿನಲ್ಲೂ ‘ಇಟ್’ ಜಾಗದಲ್ಲಿ ವಿಚ್ ಬಂದು ಕೂತಿದೆ. ಒಂದು ಕುರ್ಚಿಯಲ್ಲಿ ಇಬ್ಬರು ಕೂರುವ ಹಾಗಿಲ್ಲ. ಮಕ್ಕಳು ವಿಚ್ ಅನ್ನು ನಮ್ಮ ‘ಅಂತ’ ಇದ್ದ ಹಾಗೆ ಬರೀ ಜೋಡಿಸುವ ಪದ ಅಂದುಕೊಳ್ಳುತ್ತಾರೆ. ಅದು ಸರ್ವನಾಮ, ‘ಅದು’ವಿನ ಕೆಲಸವನ್ನೂ ತಾನೇ ಮಾಡುತ್ತದೆ ಅಂತ ಹೇಳಿದರೆ ಅರ್ಥವಾಗುತ್ತದೆ.

ದಟ್ ಬಗ್ಗೆ ಒಂದು ಮಾತು. ವಸ್ತುಗಳಿಗೆ ವಿಚ್ ಬದಲು ದಟ್ ಬರಬಹುದು. ಮನುಷ್ಯರಿಗೆ ದಟ್ ಹಾಕಬಾರದು.

ಹೊನ್ನಾಳಿ ಹುಡುಗ

ಮೇಷ್ಟ್ರೇ, ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ಹೀಗೆ ಕೆಲಸಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ಲ. ಕನ್ನಡ ಪೀರಿಯಡ್‌ನಲ್ಲಿ ಕಲಿತದ್ದು ಅಲ್ಲಿಗೇ ಮುಗೀತು ಅಂದುಕೊಂಡಿದ್ದೆ.

ಒಂದು ಪ್ರಶ್ನೆ. ನಮ್ಮ ಮನೆ ಹಸುವಿಗೆ ಹೂ ಹಾಕಬೇಕೋ ವಿಚ್ ಹಾಕಬೇಕೋ?

ಹರಿಹರದ ಪ್ರೂಫ್ ರೀಡರ್

ಹಸುವಿಗೆ ಸಾಮಾನ್ಯವಾಗಿ ವಿಚ್ ಅಥವಾ ದಟ್. ಆದರೆ ಹೆಸರಿಟ್ಟು ಕರೆಯುವ, ಮನೆಯವರ ಹಾಗೆ ಇರುವ ಪ್ರಾಣಿಗೆ ಇಂಗ್ಲಿಷಿನವರೂ ಹೂ ಬರೆಯುತ್ತಾರೆ. ಗೌರಿ ಅಂತ ಹೆಸರಿದ್ದರೆ ಧಾರಾಳವಾಗಿ ಹೂ ಬರೆಯಿರಿ.

ಮೇಷ್ಟ್ರು ಹೇಳಿದ ಎರಡು ವಾಕ್ಯದ ಉಪಾಯ ತುಂಬಾ ಚೆನ್ನಾಗಿದೆ. ನಾನು ಇಂಗ್ಲಿಷ್ ಪುಸ್ತಕಗಳ ಪ್ರೂಫ್ ನೋಡುವ ಕೆಲಸದಲ್ಲಿದ್ದೇನೆ, ಅದಕ್ಕೆ ಒಂದೆರಡು ಸೇರಿಸುತ್ತೇನೆ. ಸರ್, ಒಂದು ಕಡೆ ನಿಮ್ಮ ಮಾತು ಒಪ್ಪುವುದು ಕಷ್ಟ. ಮನುಷ್ಯರಿಗೆ ದಟ್ ತಪ್ಪಲ್ಲ. ‘ದಿ ಗೈಡ್ ದಟ್ ವಿ ಮೆಟ್’ ಸರಿಯಾದ ಇಂಗ್ಲಿಷೇ. ಹೂ ಜಾಸ್ತಿ ಬಳಕೆಯಲ್ಲಿದೆ, ಕೇಳಲು ಮರ್ಯಾದೆಯಾಗಿದೆ ಅಂತ ಹೇಳಬಹುದು. ಮಗು ದಟ್ ಬರೆದರೆ ಕೆಂಪು ಗೆರೆ ಎಳೆಯಬಾರದು.

ದಟ್ ಕೂರದ ಜಾಗ ಬೇರೆ ಇವೆ. ‘ಇನ್’, ‘ವಿತ್’, ‘ಟು’ ಇವುಗಳ ಬೆನ್ನಿಗೇ ದಟ್ ಬರುವುದಿಲ್ಲ. ‘ದಿ ಬಸ್ ಇನ್ ದಟ್ ವಿ ಕೇಮ್’ ಅಂದರೆ ತಪ್ಪು. ‘ದಿ ಬಸ್ ದಟ್ ವಿ ಕೇಮ್ ಇನ್’ ಅಂದರೆ ಸರಿ. ‘ಇನ್’ ಕೊನೆಗೆ ಹೋಗಬೇಕು ಅಷ್ಟೇ. ಮಾತಿನಲ್ಲಿ ಇನ್ನೂ ಹಗುರ ಮಾಡಿ ‘ದಿ ಬಸ್ ವಿ ಕೇಮ್ ಇನ್’ ಅಂತಾರೆ. ನಡುವಿನ ಸರ್ವನಾಮವೇ ಹೋಯಿತು. ಆದರೆ ‘ಇನ್’ ಹೋಗಲಿಲ್ಲ ನೋಡಿ. ಸರ್ವನಾಮ ಬಿಡಬಹುದು, ಪ್ರತ್ಯಯದ ಲೆಕ್ಕ ಬಿಡುವ ಹಾಗಿಲ್ಲ.

ಹಾಗಂತ ಎಲ್ಲಾ ಕಡೆ ಬಿಡಲಾಗದು. ಎರಡನೇ ವಾಕ್ಯದಲ್ಲಿ ಆ ಹೆಸರೇ ಕರ್ತೃವಾಗಿದ್ದರೆ ಬಿಡಬೇಡಿ. ‘ನಮಗೆ ಕೋಟೆ ತೋರಿಸಿದ ಗೈಡ್’ ಅನ್ನುವಲ್ಲಿ ತೋರಿಸಿದವನೇ ಗೈಡ್. ‘ದಿ ಗೈಡ್ ಹೂ ಶೋಡ್ ಅಸ್ ದಿ ಫೋರ್ಟ್’. ಇಲ್ಲಿ ಹೂ ತೆಗೆದರೆ ವಾಕ್ಯ ಕುಸಿಯುತ್ತದೆ.

ಹೂಸ್ ಬರೆಯುವಾಗ ಕಾಗುಣಿತ ಜೋಪಾನ. ಡಬ್ಲ್ಯೂ, ಎಚ್, ಓ, ಎಸ್, ಇ. ಮೇಲೆ ಕೊಂಬಿನ ಹಾಗೆ ಅಪಾಸ್ಟ್ರಫಿ ಹಾಕಿದ್ದು ಬೇರೆ ಪದ, ಅದು ‘ಹೂ ಈಸ್’ ಅನ್ನುವುದರ ಚಿಕ್ಕ ರೂಪ. ಎರಡೂ ಕಿವಿಗೆ ಒಂದೇ ಕೇಳುತ್ತವೆ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರ ಬರಹದಲ್ಲೂ ಈ ತಪ್ಪು ಸಿಗುತ್ತದೆ.

ದುರ್ಗದ ಮೇಷ್ಟ್ರು

ದಟ್ ವಿಚಾರದಲ್ಲಿ ನೀವು ಹೇಳಿದ್ದೇ ಸರಿ. ನಾನು ಕಲಿತ ಕಾಲದಲ್ಲಿ ಹಾಗೆ ಹೇಳಿಕೊಟ್ಟರು, ನಾನೂ ಹಾಗೇ ಹೇಳಿಕೊಡುತ್ತಾ ಬಂದೆ. ಈ ಕಾರಣಕ್ಕೆ ಎಷ್ಟು ಮಕ್ಕಳ ಅಂಕ ಕಳೆದಿದ್ದೇನೋ, ಬೇಜಾರಾಗುತ್ತಿದೆ. ತಾಯೀ, ನನ್ನ ಆ ಕೊನೆಯ ಸಾಲನ್ನು ಮಗಳಿಗೆ ಹೇಳಬೇಡಿ.

ಮಾತಾಡಿದ್ರೆ ಬರುತ್ತೆ

ಇಷ್ಟೆಲ್ಲ ವ್ಯಾಕರಣ ಯಾಕೆ? ದಿನಾ ಒಂದು ಗಂಟೆ ಇಂಗ್ಲಿಷ್ ಕೇಳಲಿ, ತಾನಾಗೇ ಬರುತ್ತೆ. ಕನ್ನಡ ಕಲಿಯೋವಾಗ ಯಾರಾದರೂ ಕೃದಂತ ಅಂದ್ರಾ?

ನಿಟ್ಟುವಳ್ಳಿ ಅಮ್ಮ

ಅಣ್ಣಾ, ಕನ್ನಡ ಅವಳಿಗೆ ತೊಟ್ಟಿಲಿಂದಲೇ ಕಿವಿಗೆ ಬಿತ್ತು. ಇಂಗ್ಲಿಷ್ ನಮ್ಮ ಮನೆಯಲ್ಲಿ ಯಾರು ಆಡ್ತಾರೆ? ನಾನು ಮನೇಲೇ ಬಟ್ಟೆ ಹೊಲಿಯುತ್ತೇನೆ, ಅವರಪ್ಪ ಬೆಳಗ್ಗೆ ಹೋದರೆ ರಾತ್ರಿ ಬರೋದು. ಫೋನಿನಲ್ಲಿ ಕೇಳು ಅಂತ ಕೊಟ್ಟರೆ ಏನು ಹೇಳ್ತಿದ್ದಾರೆ ಅಂತಾನೇ ಅವಳಿಗೆ ಗೊತ್ತಾಗಲ್ಲ. ಕಾರಣ ಗೊತ್ತಾದರೆ ಅವಳು ತಾನೇ ಬರೀತಾಳೆ. ಅದಕ್ಕೇ ಇಲ್ಲಿ ಕೇಳಿದ್ದು.

ಮಾತಾಡಿದ್ರೆ ಬರುತ್ತೆ

ಸರಿ ಅಕ್ಕಾ, ಒಪ್ಪಿದೆ. ಕೇಳೋದು ಜೊತೆಗಿರಲಿ ಅಂತ ಹೇಳಿದೆ ಅಷ್ಟೇ.

ಚಳ್ಳಕೆರೆ ಶೇಂಗಾ

ನಾನು ವ್ಯಾಪಾರದವನು. ಹೊರರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಹಾಕಬೇಕಾಗುತ್ತೆ. ಹೋದ ವಾರ ‘ದಿ ಲೋಡ್ ವಾಟ್ ಯು ಸೆಂಟ್’ ಅಂತ ಬರೆದಿದ್ದೆ. ಮಗ ನೋಡಿ ವಾಟ್ ತಪ್ಪು ಅಂದ. ಮರುದಿನ ಅವನೇ ‘ವಾಟ್ ಯು ಸೆಂಟ್ ಈಸ್ ಗುಡ್’ ಅಂತ ಬರೆದ. ಅಲ್ಲಿ ಸರಿ, ಇಲ್ಲಿ ತಪ್ಪು ಹೇಗೆ?

ಹರಿಹರದ ಪ್ರೂಫ್ ರೀಡರ್

ಸರ್, ಇದಕ್ಕೆ ಉತ್ತರ ಕನ್ನಡದಲ್ಲೇ ಇದೆ. ‘ನೀವು ಕಳಿಸಿದ ಲೋಡ್’, ‘ನೀವು ಕಳಿಸಿದ್ದು’. ಎರಡನ್ನೂ ಬಾಯಲ್ಲಿ ಹೇಳಿ ನೋಡಿ. ಮೊದಲನೆಯದರಲ್ಲಿ ‘ಕಳಿಸಿದ’ ಆದಮೇಲೆ ಲೋಡ್ ಅನ್ನುವ ಹೆಸರು ಇದೆ. ಅಲ್ಲಿ ದಟ್ ಅಥವಾ ವಿಚ್. ಎರಡನೆಯದರಲ್ಲಿ ಹೆಸರೇ ಇಲ್ಲ, ‘ಕಳಿಸಿದ್ದು’ ಅನ್ನುವುದರಲ್ಲೇ ‘ಅದು’ ಸೇರಿಹೋಗಿದೆ. ಅಲ್ಲಿ ವಾಟ್. ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ ವಾಟ್. ಹೊರಗೆ ಹೆಸರು ನಿಂತಿದ್ದರೆ ಅದು ಬರಬಾರದು.

‘ಎವೆರಿಥಿಂಗ್ ವಾಟ್ ಐ ಸೆಡ್’ ಅನ್ನುವುದೂ ಇದೇ ತಪ್ಪು. ಎವೆರಿಥಿಂಗ್ ಆಗಲೇ ಹೆಸರಿನ ಜಾಗದಲ್ಲಿ ನಿಂತಿದೆ. ‘ಎವೆರಿಥಿಂಗ್ ದಟ್ ಐ ಸೆಡ್’ ಅನ್ನಬೇಕು. ಆಲ್, ಎವೆರಿಥಿಂಗ್, ನಥಿಂಗ್ ಮತ್ತು ‘ಬೆಸ್ಟ್’ ತರಹದ ಪದ ಬಂದಾಗ ವಿಚ್‌ಗಿಂತ ದಟ್ ಚೆನ್ನಾಗಿ ಒಗ್ಗುತ್ತದೆ. ‘ದಿ ಬೆಸ್ಟ್ ದೋಸೆ ದಟ್ ಐ ಹ್ಯಾವ್ ಎವರ್ ಈಟನ್’. ದಾವಣಗೆರೆಯವರಿಗೆ ಈ ವಾಕ್ಯ ದಿನಾ ಬೇಕಾಗುತ್ತದೆ.

ಚಳ್ಳಕೆರೆ ಶೇಂಗಾ

‘ಕಳಿಸಿದ’ ಮತ್ತು ‘ಕಳಿಸಿದ್ದು’. ಇನ್ನು ಮರೆಯಲ್ಲ. ಹಾಗಾದರೆ ‘ಹುರಿದ ಶೇಂಗಾ’ ಅನ್ನೋಕೂ ದಟ್ ಬೇಕಾ? ನಮ್ಮ ಚೀಲದ ಮೇಲೆ ‘ರೋಸ್ಟೆಡ್ ಗ್ರೌಂಡ್‌ನಟ್’ ಅಂತ ಮಾತ್ರ ಇದೆ.

ದುರ್ಗದ ಮೇಷ್ಟ್ರು

ಚೀಲದ ಮೇಲಿರುವುದು ಸರಿಯಾಗಿದೆ. ಯಾರು ಹುರಿದರು, ಯಾವಾಗ ಹುರಿದರು ಅಂತ ಹೇಳದೆ ಬರೀ ‘ಹುರಿದ’ ಅಂದಾಗ ಇಂಗ್ಲಿಷ್ ಕೂಡ ನಮ್ಮ ಹಾಗೇ ಹೆಸರಿಗಿಂತ ಮೊದಲು ಒಂದು ಪದ ಇಟ್ಟು ಮುಗಿಸುತ್ತದೆ. ‘ನಿನ್ನೆ ನಮ್ಮಮ್ಮ ಹುರಿದ ಶೇಂಗಾ’ ಅಂದಿರೋ, ಒಳಗೆ ಒಂದು ಪೂರ್ತಿ ವಾಕ್ಯ ಬಂತು. ಆಗ ‘ದಿ ಗ್ರೌಂಡ್‌ನಟ್ಸ್ ದಟ್ ಮೈ ಮದರ್ ರೋಸ್ಟೆಡ್ ಯೆಸ್ಟರ್‌ಡೇ’. ನಮ್ಮ ‘ದ’ ಕಂಡಲ್ಲೆಲ್ಲ ವಿಚ್ ಹಾಕಬೇಕಿಲ್ಲ.

ಜಗಳೂರು ಅಭ್ಯರ್ಥಿ

ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ವಿಷಯ ನನ್ನನ್ನು ತುಂಬಾ ಕಾಡುತ್ತಿವೆ. ಕಾಮಾ ಹಾಕಿದ ಹೂಗೂ ಹಾಕದ ಹೂಗೂ ವ್ಯತ್ಯಾಸ ಏನು? ಇನ್ನೊಂದು, ‘ಒನ್ ಆಫ್ ದಿ ಬಾಯ್ಸ್ ಹೂ’ ಆದಮೇಲೆ ಹ್ಯಾಸ್ ಬರಬೇಕೋ ಹ್ಯಾವ್ ಬರಬೇಕೋ? ಒಂದು ಗೈಡಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ.

ಹರಿಹರದ ಪ್ರೂಫ್ ರೀಡರ್

ಎರಡನೆಯದನ್ನು ಮೊದಲು ಹೇಳ್ತೀನಿ, ಕನ್ನಡ ಅದನ್ನು ಬೇಗ ಬಿಡಿಸುತ್ತದೆ. ‘ಪಾಸಾದ ಹುಡುಗರಲ್ಲಿ ಒಬ್ಬ.’ ‘ಪಾಸಾದ’ ಯಾವುದಕ್ಕೆ ಅಂಟಿದೆ? ಹುಡುಗರಿಗೆ. ಒಬ್ಬನಿಗಲ್ಲ. ಹುಡುಗರು ಬಹುವಚನ, ಹಾಗಾಗಿ ‘ಒನ್ ಆಫ್ ದಿ ಬಾಯ್ಸ್ ಹೂ ಹ್ಯಾವ್ ಪಾಸ್ಡ್’. ‘ದಿ ಓನ್ಲಿ ಒನ್ ಆಫ್ ದಿ ಬಾಯ್ಸ್’ ಅಂತ ಬಂದರೆ ಮಾತ್ರ ‘ಹುಡುಗರಲ್ಲಿ ಪಾಸಾದವನು ಒಬ್ಬನೇ’. ಆಗ ಹ್ಯಾಸ್.

ಕಾಮಾದ್ದು ನಮಗೆ ಕಷ್ಟ, ಯಾಕೆಂದರೆ ಕನ್ನಡ ಆ ವ್ಯತ್ಯಾಸ ತೋರಿಸುವುದೇ ಇಲ್ಲ. ‘ಬೆಂಗಳೂರಿನಲ್ಲಿರುವ ನನ್ನ ಅಣ್ಣ’ ಅಂದರೆ ನಿಮಗೆ ಒಬ್ಬನೇ ಅಣ್ಣನೋ ಮೂರು ಜನರೋ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಕಾಮಾ ಅದನ್ನು ಹೇಳುತ್ತದೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಬೆಂಗಳೂರು’, ಕಾಮಾ ಇಲ್ಲ. ಅಣ್ಣಂದಿರು ಹಲವರು, ಅವರಲ್ಲಿ ಬೆಂಗಳೂರಿನವನು ಅಂತ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಬೆಂಗಳೂರು, ಈಸ್ ಕಮಿಂಗ್’ ಅಂತ ಎರಡು ಕಡೆ ಕಾಮಾ ಇದ್ದರೆ ಅಣ್ಣ ಒಬ್ಬನೇ. ಬೆಂಗಳೂರಿನ ಮಾತು ಹಾಗೇ ಸೇರಿಸಿದ್ದು, ಬಿಟ್ಟರೂ ಯಾರ ಬಗ್ಗೆ ಹೇಳುತ್ತಿದ್ದೀರಿ ಅಂತ ತಿಳಿಯುತ್ತದೆ.

ಊರಿನ ಹೆಸರಿಗೆ ಹೆಚ್ಚಾಗಿ ಕಾಮಾ ಬರುವುದು ಇದಕ್ಕೇ. ‘ದಾವಣಗೆರೆ, ವಿಚ್ ವಾಸ್ ಇನ್ ಚಿತ್ರದುರ್ಗ ಡಿಸ್ಟ್ರಿಕ್ಟ್ ಅಂಟಿಲ್ 1997, ಈಸ್ ನೌ ಎ ಡಿಸ್ಟ್ರಿಕ್ಟ್.’ ದಾವಣಗೆರೆ ಇರುವುದು ಒಂದೇ. ಯಾವ ದಾವಣಗೆರೆ ಅಂತ ಆರಿಸಬೇಕಿಲ್ಲ. ಕಾಮಾ ಇದ್ದಲ್ಲಿ ದಟ್ ಹಾಕಬೇಡಿ, ವಿಚ್ ಅಥವಾ ಹೂ ಮಾತ್ರ. ಸರ್ವನಾಮ ಬಿಡುವುದಕ್ಕೂ ಅಲ್ಲಿ ಆಗದು.

ಕಾಮಾ ಇಲ್ಲದ ಕಡೆ ವಸ್ತುವಿಗೆ ವಿಚ್ ಬರೆದರೂ ಸರಿಯೇ. ಬ್ರಿಟನ್ನಿನವರು ಎರಡನ್ನೂ ಬರೆಯುತ್ತಾರೆ, ಅಮೆರಿಕದವರು ಅಲ್ಲಿ ದಟ್ ಇರಲಿ ಅಂತಾರೆ. ಕೆಲವು ಕಂಪ್ಯೂಟರುಗಳು ಆ ವಿಚ್ ಕೆಳಗೆ ಗೆರೆ ಎಳೆಯುವುದು ಈ ಅಮೆರಿಕದ ಅಭ್ಯಾಸದಿಂದ. ಅದಕ್ಕೆ ಹೆದರಬೇಡಿ.

ಜಗಳೂರು ಅಭ್ಯರ್ಥಿ

ಸರ್, ‘ಪಾಸಾದ ಹುಡುಗರಲ್ಲಿ ಒಬ್ಬ’ ಒಂದೇ ಸಾಕು, ಎರಡು ವರ್ಷದ ಗೊಂದಲ ಹೋಯಿತು. ಹೂಮ್ ಈಗ ಯಾರೂ ಬಳಸಲ್ಲ ಅಂತಾರಲ್ಲ, ಬಿಟ್ಟುಬಿಡಲಾ?

ಹರಿಹರದ ಪ್ರೂಫ್ ರೀಡರ್

ಮಾತಿನಲ್ಲಿ ಬಿಡಬಹುದು, ಹೂ ಸಾಕು. ಪರೀಕ್ಷೆಯಲ್ಲಿ ಬಿಡಬೇಡಿ. ‘ಟು’, ‘ವಿತ್’, ‘ಫಾರ್’ ಇವುಗಳ ಬೆನ್ನಿಗೆ ಬಂದರೆ ಎಲ್ಲೂ ಬಿಡಬೇಡಿ. ‘ಟು ಹೂಮ್’ ಇವತ್ತಿಗೂ ‘ಟು ಹೂಮ್’ ಆಗಿಯೇ ಇದೆ.

ನಿಟ್ಟುವಳ್ಳಿ ಅಮ್ಮ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಸಂಜೆ ಅಡುಗೆಮನೆಯಲ್ಲಿ ನಾನು ರೊಟ್ಟಿ ತಟ್ಟುತ್ತಿದ್ದೆ, ಅವಳು ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೇಷ್ಟ್ರು ಬರೆದದ್ದನ್ನು ಓದಿ ಹೇಳಿದೆ. ಒನಕೆ ಅಂದ ತಕ್ಷಣ ನಕ್ಕಳು. ಆಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎರಡು ವಾಕ್ಯ ಮಾಡುತ್ತಾ ಹೋದಳು. ‘ಇದು ಹಂಚು. ಹಂಚಿನ ಮೇಲೆ ಅಮ್ಮ ರೊಟ್ಟಿ ಬೇಯಿಸುತ್ತಾಳೆ.’ ‘ಮೇಲೆ’ ಅಂದ್ರೆ ‘ಆನ್’, ಹಾಗಾದ್ರೆ ‘ಆನ್ ವಿಚ್’ ಅಂತ ತಾನೇ ಬರೆದಳು. ಅಟ್ಟದ ಮೇಲಿರುವ ಅಜ್ಜಿಯ ಕಡಗೋಲು ತೋರಿಸಿ, ‘ಅಜ್ಜಿ ಮಜ್ಜಿಗೆ ಕಡೆದ ಕಡಗೋಲು, ವಿತ್ ವಿಚ್’ ಅಂದಳು. ಕಡಗೋಲಿಗೆ ಇಂಗ್ಲಿಷ್ ಪದ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಕಡಗೋಲು ಅಂತಲೇ ಬರೆದಿದ್ದಾಳೆ.

ಅಷ್ಟರಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಅವಳು ಸುಮ್ನೆ ಕೂತಿದ್ದವಳು ಕೇಳಿದಳು: “ಅಮ್ಮಾ, ‘ಒಗ್ಗರಣೆ ಹಾಕಿದ ಘಮ’ ಅನ್ನೋದನ್ನ ಎರಡು ವಾಕ್ಯ ಮಾಡೋಕೆ ಆಗ್ತಿಲ್ಲ. ‘ಇದು ಘಮ. ಅಮ್ಮ ಒಗ್ಗರಣೆ ಹಾಕಿದಳು.’ ಎರಡನೇ ವಾಕ್ಯದಲ್ಲಿ ಘಮ ಎಲ್ಲಿ ಕೂರಿಸಲಿ? ಘಮದಿಂದ ಹಾಕಿದಳಾ, ಘಮದಲ್ಲಿ ಹಾಕಿದಳಾ?” ನನಗೂ ಹೊಳೆಯಲಿಲ್ಲ. ಮೇಷ್ಟ್ರೇ, ಏನು ಹೇಳಲಿ?

ದುರ್ಗದ ಮೇಷ್ಟ್ರು

ತಾಯೀ, ಈ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಒಂದು ಮಗುವೂ ಕೇಳಿರಲಿಲ್ಲ. ಅವಳು ಕಂಡುಕೊಂಡದ್ದು ಸರಿ. ಆ ವಾಕ್ಯದಲ್ಲಿ ಘಮಕ್ಕೆ ಜಾಗವೇ ಇಲ್ಲ. ‘ಮಳೆ ಬಂದ ಸದ್ದು’, ‘ಬಾಗಿಲು ತಟ್ಟಿದ ಶಬ್ದ’ ಇವೂ ಹಾಗೇ. ಕನ್ನಡ ಇವನ್ನೂ ‘ದ’ ಹಾಕಿ ಸಲೀಸಾಗಿ ಜೋಡಿಸುತ್ತದೆ. ಒಳಗಿನ ವಾಕ್ಯದಲ್ಲಿ ಜಾಗ ಇಲ್ಲದ ಘಮ, ಸದ್ದಿನಂಥ ಹೆಸರಿಗೆ ಇಂಗ್ಲಿಷಿನಲ್ಲಿ ಹೂ, ವಿಚ್, ದಟ್ ಯಾವುದೂ ಸಿಗುವುದಿಲ್ಲ. ‘ಆಫ್’ ಹಾಕಬೇಕು. ‘ದಿ ಸೌಂಡ್ ಆಫ್ ರೈನ್’. ಘಮ, ಸದ್ದಿನಂಥ ಹೆಸರಿಗೆ ಎರಡು ವಾಕ್ಯ ಮಾಡಲು ಹೋಗಿ ಹೀಗೆ ಸಿಕ್ಕಿಬಿದ್ದರೆ ‘ಆಫ್’ ಬರೆಯಲಿ.

ಒಗ್ಗರಣೆಗೆ ಸರಿಯಾದ ಇಂಗ್ಲಿಷ್ ಪದ ಹುಡುಕುತ್ತಾ ಕೂರಬೇಡಿ. ‘ದಿ ಸ್ಮೆಲ್ ಆಫ್ ಒಗ್ಗರಣೆ’ ಅಂತಲೇ ಬರೆಯಲಿ.

ನಿಟ್ಟುವಳ್ಳಿ ಅಮ್ಮ

ಬರೆದಳು ಮೇಷ್ಟ್ರೇ. ಬಸ್ಸಿನ ವಾಕ್ಯವನ್ನೂ ಪಕ್ಕದಲ್ಲೇ ತಿದ್ದಿ ಬರೆದಿದ್ದಾಳೆ, ‘ದಿ ಬಸ್ ವಿ ಕೇಮ್ ಇನ್’. ‘ಇನ್’ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಅಲ್ಲಿ’ ಅಂತ ಇದೆ.